ಮೂರು ತಾಸಿನ ದಾರಿ

ಅಪ್ಪಾ,

ತಂಗಿ ಪೂನಮಳ ಮನೆಗೆ, ದಿಬ್ರುಗಢಕ್ಕೆ, ನಿನ್ನೆ ಬಂದು ಮುಟ್ಟಿದೆ. ನಮ್ಮೂರು ತುರೋರಿ ಬಿಟ್ಟ ಮೇಲೆ ಹೈದರಾಬಾದಿನಲ್ಲಿ ಒಂದು ರಾತ್ರಿ, ವಿಮಾನ ಬದಲಿಸುವಾಗ ಕೋಲ್ಕತ್ತಾದಲ್ಲಿ ಇನ್ನೊಂದು ರಾತ್ರಿ ಕಳೆಯಿತು.

ನಿನ್ನನ್ನು ನೋಡಲು ಆಕೆ ಇಲ್ಲಿಂದ ಹೊರಟಳೆಂದು ಫೋನು ಬಂದ ದಿನ ನೀನು ಹಾಸಿಗೆಯಲ್ಲೇ ಕೇಳಿದ್ದೆ: "ಎಷ್ಟು ಮುಕ್ಕಾಮಿನ ಹಾದಿಯೋ ಅಂಬಣ್ಣ?" ಕುರಿ ಹೊಡೆದುಕೊಂಡು ಹೋಗುವಾಗ ದಾರಿಯಲ್ಲಿ ತಂಗಿದ ರಾತ್ರಿಗಳನ್ನು ಎಣಿಸಿಯೇ ನೀನು ದೂರ ಅಳೆಯುತ್ತಿದ್ದೆ, ನಿಲಂಗಾ ನಿನಗೆ ನಾಲ್ಕು ಮುಕ್ಕಾಮು. ನಾನು ಮೊಬೈಲಿನಲ್ಲಿ ಹೈದರಾಬಾದು, ದಿಬ್ರುಗಢ ಎಂದು ಹಾಕಿ ನೋಡಿ, "ವಿಮಾನದಾಗ ಮೂರೇ ತಾಸು" ಎಂದುಬಿಟ್ಟೆ. ನೇರ ವಿಮಾನ ಇದೆಯೋ ಇಲ್ಲವೋ ನೋಡಲಿಲ್ಲ.

"ಹಂಗಾದ್ರ ಒಂದು ಮುಕ್ಕಾಮೂ ಇಲ್ಲ. ಹೊತ್ತು ಮುಳುಗೂದ್ರಾಗ ಬರ್ತಾಳ."

ಬಾಗಿಲ ಕಡೆ ಮುಖ ಮಾಡಿ ನೀನು ಮಲಗಿದೆ. ಮರುದಿನ ಗೋಡೆಯ ಕಡೆ ಹೊರಳಿದೆ. ನಿನಗೆ ಮಣ್ಣು ಕೊಟ್ಟ ಮೇಲೆ ಆಕೆ ಬಂದಳು.

ಇವತ್ತು ಚಹಾ ಕೊಡುತ್ತಾ ಕೇಳಿದಳು: "ಅಣ್ಣಾ, ನಾ ಹಾದ್ಯಾಗ ಇದ್ದದ್ದು ಅಪ್ಪಗ ಗೊತ್ತಿತ್ತಲ್ಲ?"

"ಗೊತ್ತಿತ್ತವ್ವಾ" ಎಂದೆ.

ಅಪ್ಪಾ, ಅದು ಎರಡು ಮುಕ್ಕಾಮಿನ ಹಾದಿ.

ಅಂಬಣ್ಣ