ಹನ್ನೊಂದಕ್ಕೆ ನಿಂತ ಉಸಿರು

ಹೊಸಪೇಟೆ, ಮಂಗಳವಾರ

ಕನಕಣ್ಣಾ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಬಂಡ್ರಿ ಬಸ್ಸಿನ ಕಂಡಕ್ಟರ್ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ.

ಪಾತ್ರ ವಹಿಸಿ ಆಡುವ ದಾಳದ ಆಟವೊಂದನ್ನು ತಯಾರಿಸುತ್ತಿದ್ದೇನಲ್ಲ, ಅದರಲ್ಲಿ ಪಾತ್ರಗಳ ಶಕ್ತಿಗೆಲ್ಲ ಅಂಕಿ ಇರುತ್ತದೆ. ಆ ಅಂಕಿಗಳು ನಿಜವಾದ ಮನುಷ್ಯರಿಗೆ ಹೊಂದಲಿ ಅಂತ ನೂರಾಹತ್ತು ಜನರಿಗೆ ಒಂದೇ ಉಸಿರಲ್ಲಿ ಒಂದು, ಎರಡು ಅಂತ ಎಣಿಸಲು ಹೇಳಿದೆ. ಮುಕ್ಕಾಲು ಜನ ಮೂವತ್ತರ ಆಸುಪಾಸು ನಿಂತರು. ಕಮಲಾಪುರದ ಎಪ್ಪತ್ತು ದಾಟಿದ ಜಂಬಮ್ಮಜ್ಜಿ ಇಪ್ಪತ್ತೆರಡು ಎಣಿಸಿದಳು. ನೀನು ಹನ್ನೊಂದಕ್ಕೇ ಕೆಮ್ಮಿ ನಿಂತಿ. "ನಗಿ ಬಂತವ್ವ, ಮೂವತ್ತಂತ ಬರಕೋ" ಅಂದಿ. ನಾನೂ ಹಾಗೇ ಬರೆದುಕೊಂಡೆ.

ನಿನ್ನೆ ಪಟ್ಟಿ ಮಾಡುವಾಗ ಆ ಸುಳ್ಳು ಅಳಿಸಿ ಹನ್ನೊಂದು ಅಂತ ಬರೆದೆ. ನಿನಗಿಂತ ಕೆಳಗೆ ಒಬ್ಬರೂ ಇಲ್ಲ. ನಿನಗಿನ್ನೂ ಮೂವತ್ತನಾಲ್ಕು. ಅದಿರಿನ ಧೂಳಲ್ಲಿ ದುಡಿಯೋದು ಹದಿನಾಲ್ಕು ವರ್ಷದಿಂದ.

ಗುರುವಾರ ಹತ್ತು ಗಂಟೆಗೆ ಇಲ್ಲಿನ ಆಸ್ಪತ್ರೆಯಲ್ಲಿ ನಿನಗೆ ಎದೆಯ ಎಕ್ಸ್‌ರೇ ಹೇಳಿಟ್ಟಿದ್ದೇನೆ. ಉಪವಾಸ ಬರೋದು ಬೇಕಿಲ್ಲ, ಕೇಳಿದ್ದೇನೆ. ರಜೆ ಕೊಡದಿದ್ದರೂ ಬಾ.

ಅತ್ತಿಗೆಗೆ ಹೇಳಬ್ಯಾಡ ಅಂತೀ, ಗೊತ್ತು. ಹೇಳಿಬಿಟ್ಟೆ. "ಮೂರು ತಿಂಗಳಿಂದ ಕುಂತೇ ನಿದ್ದಿ ಮಾಡ್ತಾರ, ಸುಕನ್ಯಾ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ" ಅಂದಳು.

ಗುರುವಾರ ಅವಳೇ ನಿನ್ನನ್ನು ಕರೆದುಕೊಂಡು ಬರುತ್ತಾಳೆ. ಅವಳಿಗೆ ಬೈಯಬ್ಯಾಡ.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕಾಯುವ,
ನಿನ್ನ ತಂಗಿ ಸುಕನ್ಯಾ