ಎರಡನೇ ಚಕ್ರ

ಮಾರ್ಚ್ ೨, ಸೋಮವಾರ

ಬೆಳಗಿನ ಶಿಫ್ಟ್. ಉಪಗ್ರಹ ನೆಟ್ಟಗಿದೆ. ಒಳಗಿನ ಚಕ್ರಗಳು ಸರಿಯಾಗಿ ತಿರುಗಿದರೆ ಅದರ ಆಂಟೆನಾ ನಮ್ಮ ಕಡೆ, ರೆಕ್ಕೆ ಸೂರ್ಯನ ಕಡೆ. ಈಗ ಮೂರೇ ಚಕ್ರ — ನಾಲ್ಕನೆಯದು ಹೋದ ವರ್ಷವೇ ಕೈಕೊಟ್ಟಿತು. ಇನ್ನೊಂದು ನಿಂತರೆ ಹಿಡಿತವೇ ತಪ್ಪುತ್ತದೆ. ಕಾಯುವುದು ನನ್ನ ಕೆಲಸ. ನನ್ನ ಕುರ್ಚಿ ಮಾತ್ರ ಇನ್ನೂ ವಾಲುತ್ತದೆ, ಕೇಳುವವರಿಲ್ಲ.

ರಾತ್ರಿ ಊಟಕ್ಕೆ ಅಕ್ಕ ಬಂದಿದ್ದಳು. ಹಾರಿಸುವ ಮುಂಚೆ ಆ ಚಕ್ರಗಳನ್ನು ಪರೀಕ್ಷಿಸಿ ಪಾಸ್ ಮಾಡಿದವಳು ಅವಳೇ. ಈಗ ನಮಗೆ ಡ್ರಿಲ್ ಮಾಡಿಸುತ್ತಾಳೆ — ಸ್ಕ್ರೀನಿಗೆ ಸುಳ್ಳು ದೋಷ ಬಿಟ್ಟು, ಹಿಡಿಯುತ್ತೇವಾ ಅಂತ ನೋಡುವುದು. ಹೋದ ಸಲ ಎಡವಿದ್ದೆ. ಇನ್ನೊಮ್ಮೆ ಎಡವಿದರೆ ಎತ್ತಂಗಡಿ.

ಪಾತ್ರೆ ತೊಳೆಯುವಾಗ ಪಿಸುಗುಟ್ಟಿದಳು. "ನಾಳೆ ಡ್ರಿಲ್ ಕಣೇ ಪುಟ್ಟಿ. ಎರಡನೇ ಚಕ್ರ ಸವೆದು ಬಿಗಿಯಾದ ಹಾಗೆ ಅದರ ಕರೆಂಟ್ ಏರುತ್ತೆ. ತಕ್ಷಣ ಬಾಯಿ ಬಿಡಬೇಡ, ನಾನೇ ಹೇಳ್ಕೊಟ್ಟೆ ಅಂತಾರೆ. ಶಿಫ್ಟ್ ಮುಗಿಯೋವಾಗ ಹೇಳು."

ಪಾಪ, ನಾಳೆ ಅವಳದೇ ಪ್ರಮೋಷನ್ ಇಂಟರ್‌ವ್ಯೂ. ಅದರ ನಡುವೆಯೂ ನನ್ನ ಚಿಂತೆ.

ಮಾರ್ಚ್ ೩

ಏರಿತು. ಎರಡನೇ ಚಕ್ರವೇ. ಒಳಗೊಳಗೇ ನಗು — ಅಕ್ಕ ಎಷ್ಟು ಚೆನ್ನಾಗಿ ಮಾಡಿದ್ದಾಳೆ, ಥೇಟ್ ಅಸಲಿ! ಟೀ ಕುಡಿದೆ...

ಚಕ್ರ ನಿಂತೇಹೋಯಿತು. ಉಪಗ್ರಹ ಗಿರಗಿರ. ಆಮೇಲೆ ಸಿಗ್ನಲ್ಲೇ ಇಲ್ಲ. ಮೊದಲೇ ಹೇಳಿದ್ದರೆ ಅದರ ಪುಟ್ಟ ರಾಕೆಟ್, ಥ್ರಸ್ಟರ್ ಉರಿಸಿ ಉಳಿಸಬಹುದಿತ್ತು. ಅಕ್ಕನ ಫೋನ್ ಆಫ್.

ಸಂಜೆ

"ಡ್ರಿಲ್ ಬೆಳಿಗ್ಗೇನೇ ಕ್ಯಾನ್ಸಲ್ ಆಯ್ತು ಕಣೇ. ಇಂಟರ್‌ವ್ಯೂ ಗಡಿಬಿಡೀಲಿ ಹೇಳೋಕೆ ಮರೆತೆ." ಅತ್ತಳು. ಕೈ ಹಿಡಿದಳು. "ನನ್ನ ಹೆಸರು ಮಾತ್ರ ತರಬೇಡ."

ತರುವುದಿಲ್ಲ ಎಂದೆ.

ಮಾರ್ಚ್ ೧೦

ವಿಚಾರಣೆ. "ಕಣ್ಣೆದುರೇ ಏರ್ತಿತ್ತಲ್ಲ, ಯಾಕೆ ಸುಮ್ಮನಿದ್ರಿ?" ಅಕ್ಕನ ಕಡೆ ನೋಡಿದೆ. ಪ್ರಮೋಷನ್ ಸಿಕ್ಕಿದೆ, ಮೇಜಿನ ಆ ಬದಿ ಕೂತಿದ್ದಳು. "ತಂಗಿ ಅಂತ ನಾನು ರಿಯಾಯಿತಿ ಕೇಳಲ್ಲ," ಅಂದಳು. ಎಲ್ಲರೂ ಮೆಚ್ಚಿ ತಲೆಯಾಡಿಸಿದರು!

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. "ಅವಳಿಗೆ ಇಬ್ಬರು ಮಕ್ಕಳು. ನೀನು ಒಂಟಿ, ಹೇಗೋ ಆಗುತ್ತೆ. ನುಂಗ್ಕೋ."

ಮಾರ್ಚ್ ೧೨

ಕೆಲಸ ಹೋಯಿತು. ಕಾರ್ಡ್ ಕೊಟ್ಟು ಬಂದೆ. ಲಿಫ್ಟ್ ಹತ್ತಿರ, ಡ್ರಿಲ್‌ಗಳಿಗೆ ಒಪ್ಪಿಗೆ ಕೊಡುವ ಚೀಫ್ ಸಿಕ್ಕರು. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ಸರ್, ಮೂರನೇ ತಾರೀಖಿನ ಡ್ರಿಲ್ ಯಾಕೆ ಕ್ಯಾನ್ಸಲ್ ಆಯ್ತು?"

"ಯಾವ ಡ್ರಿಲ್? ಈ ತಿಂಗಳು ಡ್ರಿಲ್ಲೇ ಇಟ್ಟಿರಲಿಲ್ಲವಲ್ಲಮ್ಮ."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಮರೆತದ್ದಲ್ಲ. ಡ್ರಿಲ್‌ಗೆಂದು ಅಂಕಿಗಳನ್ನು ನೋಡುವ ಅವಳಿಗೆ ಚಕ್ರ ಸವೆಯುತ್ತಿರುವುದು ಮೊದಲೇ ಕಂಡಿತ್ತು. ತಾನು ಪಾಸ್ ಮಾಡಿದ ಚಕ್ರ. ಇಂಟರ್‌ವ್ಯೂ ಮುಗಿಯುವವರೆಗೆ ಯಾರೂ ಸದ್ದು ಮಾಡಬಾರದು, ಅಷ್ಟೇ. ಅದಕ್ಕೆ ನಾನು. ಸ್ವಂತ ತಂಗಿ. ಕೈ ಹಿಡಿದು ಅತ್ತಳಲ್ಲ...

ರಾತ್ರಿ

ಕರೆಗಂಟೆ. ಅವಳೇ.

"ಪುಟ್ಟಿ, ಬಾಗಿಲು ತೆಗಿ. ಚೀಫ್ ಫೋನ್ ಮಾಡಿದ್ರು. ಅವರ ಹತ್ರ ಏನಂದೆ ನೀನು?"

ಅಮ್ಮ ನನ್ನ ಮುಖ ನೋಡುತ್ತಿದ್ದಾಳೆ. ತಲೆ ಅಲ್ಲಾಡಿಸುತ್ತಿದ್ದಾಳೆ, ಬೇಡ ಬೇಡ ಅಂತ. ಏಳುತ್ತೇನೆ. ಈ ಸಲ ಶಿಫ್ಟ್ ಮುಗಿಯುವವರೆಗೆ ಕಾಯುವುದಿಲ್ಲ, ಈಗಲೇ, ಅಮ್ಮನೆದುರೇ, ಅವಳ ಮುಖಕ್ಕೇ ಹೇಳಿಬಿಡುತ್ತೇನೆ —