ಫ್ರೆಂಚ್ ಮೇಡಂ ಹೇಳಿದ ಮೂರನೇ ದಾರಿ

ಮಾರ್ಚ್ ೧೪, ಗುರುವಾರ
ಅಂಗಡಿಯಲ್ಲಿ, ಊಟದ ಬಿಡುವು

ನನ್ನ ಮುದ್ದಿನ ಪಿಟೀಲಿಗೆ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತಾ? ಹಾಸ್ಟೆಲ್ಲಿನಲ್ಲಿ ಆ ಕಿಟಕಿ ಪಕ್ಕದ ಮಂಚ ಬದಲಾಯಿಸಿಕೊಂಡೆಯೋ ಇಲ್ಲವೋ? ಪತ್ರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಭಾನುವಾರವೇ ಶುರು ಮಾಡಿದ್ದೆ. ಬರೆದದ್ದನ್ನು ಓದಿದರೆ ನನಗೇ ಗಾಬರಿಯಾಗುವ ಹಾಗಿತ್ತು, ಹರಿದು ಹಾಕಿದೆ. ಆಮೇಲೆ ಒಂದು ದೊಡ್ಡ ಹೋಟೆಲ್ಲಿನ ಪರದೆಗಳು ಹೊಲಿಯಲು ಬಂದವು, ತಲೆ ಎತ್ತಲು ಆಗಲಿಲ್ಲ. ಈಗ ಮೇಜಿನ ಮೂಲೆಯಲ್ಲಿ ಬಟ್ಟೆ ಸರಿಸಿಕೊಂಡು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಪರದೆಗೆ ಕೊಕ್ಕೆ ಹಾಕುತ್ತಾ ಕೂತಿರುವ ನಮ್ಮ ಕೊಕ್ಕೆಯಕ್ಕ, "ಏನೇ, ಮಗಳಿಗೆ ಪತ್ರವೋ ಪೊಲೀಸರಿಗೆ ದೂರೋ? ಮುಖ ನೋಡ್ಕೋ ಹೋಗು!" ಅಂತ ರೇಗಿಸುತ್ತಿದ್ದಾಳೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನಾನು "ಊಟ ಆಯ್ತಾ" ಬಿಟ್ಟು ಬೇರೆ ಏನನ್ನೂ ಕೇಳುವುದಿಲ್ಲವಲ್ಲ.

ಶನಿವಾರ ನಿಮ್ಮ ಶಾಲೆಗೆ ಬಂದಿದ್ದಾಗ, ನೀನು ಮೈದಾನದಲ್ಲಿದ್ದೆ ನೋಡು, ಆಗ ಫ್ರೆಂಚ್ ಮೇಡಂ ನನ್ನನ್ನು ಒಳಗೆ ಕರೆದರು. ಏನು ಮಾಡಿಕೊಂಡಿದ್ದಾಳೋ ಅಂತ ದೇವರಿಗೆ ಹರಕೆ ಹೊತ್ತುಕೊಂಡೇ ಒಳಗೆ ಹೋದೆ. ಅವರು ನೋಡಿದರೆ, "ನಿಮ್ಮ ಮಗಳಿಗೆ ಈ ತರಗತಿ ಸಾಲ್ತಾ ಇಲ್ಲ ಅಮ್ಮ. ನಾನು ಪಾಠ ಶುರು ಮಾಡೋ ಹೊತ್ತಿಗೆ ಅವಳು ಮುಗಿಸಿ ಕೂತಿರ್ತಾಳೆ. ಬೇಗ ಮುಂದೆ ಹೋಗೋಕೆ ಮೂರು ದಾರಿ ಇದೆ," ಅಂದರು. ಬೇಗ ಅಂದ ಕೂಡಲೇ ನನಗೆ ಎಡವುವುದೇ ನೆನಪಾಗುತ್ತದೆ, ನಿನಗೆ ಗೊತ್ತಲ್ಲ.

ಮೊದಲನೆಯದು, ಮುಂದಿನ ವರ್ಷದ ಫ್ರೆಂಚ್ ಬಿಟ್ಟು ನೇರ ಅದರ ಮೇಲಿನ ತರಗತಿಯಲ್ಲಿ ಕೂರುವುದು. ಅದು ಬೇಡ ಕಣೇ. ನಿನ್ನ ತಾತನಿಗೆ ವರ್ಗವಾದಾಗಲೆಲ್ಲ ನನ್ನ ಶಾಲೆ ಬದಲಾಗುತ್ತಿತ್ತು. ಒಂದು ಶಾಲೆಯಲ್ಲಿ ಭಿನ್ನರಾಶಿ ಮುಂದಿನ ತಿಂಗಳು ಅಂದರು. ಇನ್ನೊಂದಕ್ಕೆ ಹೋದರೆ, ಹೋದ ತಿಂಗಳೇ ಮುಗಿಯಿತು ಅಂದರು. ಏಳನೇ ಕ್ಲಾಸಿಗೆ ಶಾಲೆಯೇ ನಿಂತಿತು. ಇವತ್ತಿಗೂ ಯಾರಾದರೂ ಮುಕ್ಕಾಲಿನಲ್ಲಿ ಅರ್ಧ ಅಂದರೆ, ನಾನು ಬಿದ್ದ ಸೂಜಿ ಹುಡುಕುವವಳ ಹಾಗೆ ಮೇಜಿನ ಕೆಳಗೆ ಬಗ್ಗುತ್ತೇನೆ. ರಜೆಯಲ್ಲಿ ಪಾಠ ಮಾಡಿ ಸರಿದೂಗಿಸುತ್ತೇವೆ ಅಂದರು ಮೇಡಂ. ಇರಬಹುದು. ನನಗೆ ಧೈರ್ಯವಿಲ್ಲ.

ಎರಡನೆಯದು, ಸಂಜೆ ಕಾಲೇಜಿಗೆ ಹೋಗಿ ಅಲ್ಲಿಯ ಮೊದಲ ವರ್ಷದ ಫ್ರೆಂಚನ್ನು ಈಗಲೇ ಓದುವುದು. ಆ ಅಂಕ ಮುಂದೆ ಕಾಲೇಜಿನಲ್ಲಿ ಲೆಕ್ಕಕ್ಕೆ ಬರುತ್ತದಂತೆ. ಇದನ್ನು ನೀನೇ ಹೇಳಿದ್ದೆ. ನಾನೂ ಒಪ್ಪಿ, ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರು ಅಂತೆಲ್ಲ ಹೇಳಿಯಾಗಿತ್ತು.

ಮೂರನೆಯದನ್ನು ನಾನು ಕೇಳಿದ್ದು ಅವತ್ತೇ. ಅರ್ಧ ವರ್ಷ ಫ್ರೆಂಚ್ ಮಾತಾಡುವ ಊರಿನಲ್ಲಿ, ಒಂದು ಮನೆಯವರ ಜೊತೆ ಇದ್ದುಕೊಂಡು, ಅಲ್ಲಿಯ ಶಾಲೆಗೇ ಹೋಗುವುದು. ಖರ್ಚೆಲ್ಲ ನಿಮ್ಮ ಶಾಲೆಯದೇ ಅಂತೆ. ಮೊದಲು ಆರಿಸಿದ್ದು ನಿನ್ನನ್ನೇ ಅಂತೆ. ಪರೀಕ್ಷೆಯ ಗಡಿಬಿಡಿಯಲ್ಲಿ ನನಗೆ ಹೇಳುವುದು ಮರೆತಿರಬೇಕು ನೀನು. ಬೇರೆ ಹುಡುಗಿಗೆ ಕೊಡುವ ಮೊದಲು ಈ ಬರುವ ಸೋಮವಾರದವರೆಗೆ ಕಾಯುತ್ತಾರಂತೆ.

ನಾನು ಸುಮ್ಮನೆ ಎದ್ದು ಬರುವವಳಾ? ಆ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆಯಾ, ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು, ಏನಂತ ಹೇಳಿ ಎಬ್ಬಿಸಬೇಕು, ಎಲ್ಲ ಕೇಳಿದೆ. ಮೇಡಂ ನಕ್ಕುಬಿಟ್ಟರು. "ಅಮ್ಮಾ, ಹೇಳೋಕೆ ಅವಳಿಗೆ ಬರುತ್ತೆ. ಅದಕ್ಕೇ ತಾನೇ ಕಳಿಸ್ತಿರೋದು!"

ಮನೆಗೆ ಬಂದು ನಿನ್ನಪ್ಪನ ಹತ್ತಿರ ಹೇಳಿದೆ. ವ್ಯಾನ್ ತೊಳೆಯುತ್ತಿದ್ದವರು ಕೊಳವೆ ಹಿಡಿದೇ ನಿಂತರು. "ಹೋಗ್ಲಿ ಬಿಡೇ. ಇಲ್ಲಿ ಅವಳ ಫ್ರೆಂಚ್ ಕೇಳೋಕೆ ಯಾರಿದ್ದಾರೆ? ನಾನೊಬ್ಬ. ಊಟಕ್ಕೆ ಕೂತಾಗ ಅವಳು ಏನಂದ್ರೂ 'ಸಾಕಮ್ಮ ಸಾಕು' ಅಂತ ತಟ್ಟೆಗೆ ಕೈ ಅಡ್ಡ ಇಡ್ತೀನಿ," ಅಂದರು. ನನಗೆ ನಗುತ್ತಲೇ ಅಳು ಬಂತು. "ಅಯ್ಯೋ, ಇನ್ನೂ ಹೊರಟಿಲ್ಲ, ಆಗಲೇ ಶುರುವಾಯ್ತಾ ನಿಂದು?" ಅಂತ ಬೈದು, ನೀರು ನನ್ನ ಕಾಲಿಗೆ ಹಾರಿಸಿದರು.

ಹೋಗು ಮಗಳೇ. ನಿನಗೇ ಮನಸ್ಸಿಲ್ಲದಿದ್ದರೆ ಆ ಮಾತು ಬೇರೆ. ಮನಸ್ಸಿದ್ದರೆ ಸೋಮವಾರದೊಳಗೆ ನೀನೇ ಹೋಗಿ ಮೇಡಂಗೆ ಹೇಳು, ಅಮ್ಮ ಒಪ್ಪಿದ್ದಾಳೆ ಅಂತ. ನಾಳೆ ಅಪ್ಪನ ವ್ಯಾನ್ ನಿಮ್ಮ ಕಡೆಗೇ ಬರುತ್ತಿದೆ, ಈ ಪತ್ರ ಅವರ ಕೈಯಲ್ಲೇ ಕೊಡುತ್ತೇನೆ. ಹೋಟೆಲ್ ಪರದೆಯಲ್ಲಿ ಉಳಿದ ಹಳದಿ ಬಟ್ಟೆಯನ್ನು ಅಂಗಡಿ ಯಜಮಾನರು ಕೊಟ್ಟರು. ಅದರಲ್ಲಿ ನಿನಗೊಂದು ಚೀಲ ಹೊಲಿಯುತ್ತಿದ್ದೇನೆ. ಒಳಗೊಂದು ಜಿಪ್ಪು, ಅದರೊಳಗೆ ಇನ್ನೊಂದು ಜಿಪ್ಪು, ಅದರ ಮೇಲೊಂದು ಗುಂಡಿ. "ಇದರಿಂದ ಪೆನ್ನು ತೆಗೆಯೋ ಹೊತ್ತಿಗೆ ಅರ್ಧ ವರ್ಷ ಮುಗಿದಿರುತ್ತೆ," ಅಂದಳು ಕೊಕ್ಕೆಯಕ್ಕ. ಅನ್ನಲಿ.

ಅಲ್ಲಿಗೆ ತಲುಪಿದ ಕೂಡಲೇ ತಲುಪಿದೆ ಅಂತ ಒಂದು ಮಾತು ಹೇಳು. ಅದೊಂದು ಮಾತ್ರ ನಮ್ಮ ಭಾಷೆಯಲ್ಲೇ ಇರಲಿ. ನಿನ್ನ ನಾಲಿಗೆ ಎಲ್ಲೂ ತಡವರಿಸದಿರಲಿ, ಹೊಟ್ಟೆ ಹೊತ್ತಿಗೆ ಸರಿಯಾಗಿ ತುಂಬಲಿ, ಜೊತೆಗೆ ನಗುವವರು ಸಿಗಲಿ.

ಸದಾ ನಿನ್ನ ಯೋಚನೆಯಲ್ಲೇ ಇರುವ
ಅಮ್ಮ

ಮತ್ತೊಂದು ಮಾತು: ನೀನು ಮರೆತಿರಬೇಕು ಅಂತ ಮೇಲೆ ಬರೆದೆನಲ್ಲ, ನೀನು ಮರೆತಿಲ್ಲ ಅಂತ ನನಗೆ ಗೊತ್ತು. "ಅಮ್ಮನ್ನ ಕೇಳೋದೇ ಬೇಡ ಮೇಡಂ, ಹೆದರ್ತಾರೆ, ಬೇಡ ಅಂತಾರೆ" ಅಂದೆಯಂತೆ. ಮೇಡಂ ಪಾಪ, ಅದನ್ನು ಹೊಗಳಿಕೆ ಅಂತಲೇ ನನಗೆ ಹೇಳಿದರು. ನಾನೂ "ಹೌದು, ನನ್ನನ್ನ ಬಹಳ ಅರ್ಥ ಮಾಡಿಕೊಳ್ತಾಳೆ" ಅಂತ ನಕ್ಕು ಬಂದೆ. ಬಸ್ಸಿನಲ್ಲಿ ಇಳಿಯುವ ಜಾಗ ದಾಟಿ ಹೋದದ್ದೂ ತಿಳಿಯಲಿಲ್ಲ. ನೀನು ಅಂದುಕೊಂಡದ್ದು ಸುಳ್ಳಲ್ಲ. ಕೇಳಿದ್ದರೆ ಬೇಡ ಅಂತಲೇ ಅನ್ನುತ್ತಿದ್ದೆ. ಅತ್ತು, ಊಟ ಬಿಟ್ಟು, ಅಪ್ಪನ ತಲೆ ತಿಂದು, ಬೆಳಗ್ಗೆ ಎದ್ದು ಚೀಲಕ್ಕೆ ಬಟ್ಟೆ ಕತ್ತರಿಸುತ್ತಿದ್ದೆ. ಆ ಬೆಳಗಿನವರೆಗೆ ನೀನು ಕಾಯಲೇ ಇಲ್ಲ ಪಿಟೀಲು. ನನ್ನ ಶಾಲೆ ನಿಂತಾಗಲೂ ನನ್ನನ್ನು ಯಾರೂ ಕೇಳಿರಲಿಲ್ಲ. ಇನ್ನು ಮುಂದೆ ಕೇಳು ಕಣೇ. ಉತ್ತರ ಗೊತ್ತಿದ್ದರೂ ಒಂದು ಸಲ ಕೇಳು.